ಬಾಚಣಿಗೆಯಲ್ಲಿ ಸಿಕ್ಕ ಕೂದಲು ಎಣಿಸುವುದನ್ನು ಬಿಡಿ

ಸಂಪಾದಕರೇ, ನಮಸ್ಕಾರ.

ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಕೂದಲು ಉದುರುವ ಬಗ್ಗೆ ಆಗಾಗ ಬರಹ ಬರುತ್ತಲೇ ಇರುತ್ತದೆ. ಒಂದೂ ಬಿಡದೆ ಓದುತ್ತೇನೆ. 22ಕ್ಕೇ ಹಣೆಯ ಎರಡೂ ಮೂಲೆ ಹಿಂದಕ್ಕೆ ಸರಿಯಲು ಶುರುವಾದವನು ಇನ್ನೇನು ಮಾಡುತ್ತಾನೆ ಹೇಳಿ. ಬರಹದ ಪಕ್ಕದಲ್ಲಿ ಒಂದು ಚಿತ್ರ, ಅದರಲ್ಲಿ ಉದ್ದ ಕೂದಲಿನ ಹುಡುಗಿ ಬಾಚಣಿಗೆ ಹಿಡಿದು ಗಾಬರಿಯಿಂದ ನೋಡುತ್ತಿರುತ್ತಾಳೆ. ಒಳಗೆ ಅದೇ ಮಾತು. ಟೆನ್ಷನ್ ಮಾಡಿಕೊಳ್ಳಬೇಡಿ, ಚೆನ್ನಾಗಿ ನಿದ್ದೆ ಮಾಡಿ, ಪೌಷ್ಟಿಕ ಆಹಾರ ತಿನ್ನಿ, ಎಣ್ಣೆ ಹಚ್ಚಿ. ಎಲ್ಲ ಒಳ್ಳೆಯ ಮಾತೇ. ಆದರೆ ಹುಡುಗರ ತಲೆ ಬೋಳಾಗುವುದಕ್ಕೂ ಇದಕ್ಕೂ ಸಂಬಂಧ ಬಹಳ ಕಡಿಮೆ. ಅದೇ ಪುಟದ ಕೆಳಗೆ ಒಂದು ಜಾಹೀರಾತು ಇರುತ್ತದೆ, 30 ದಿನದಲ್ಲಿ ಹೊಸ ಕೂದಲು ಅಂತ. ಈ ಎರಡರ ನಡುವೆ ಸಿಕ್ಕಿಕೊಂಡ ಹುಡುಗ ಯಾರ ಮಾತು ಕೇಳಬೇಕು? ಅದಕ್ಕೇ ಈ ಪತ್ರ. ಉದ್ದವಾಗಿದೆ, ಗೊತ್ತು. ಕತ್ತರಿಸಲೇಬೇಕು ಅಂದರೆ ನನ್ನ ಸ್ವಂತ ಕಥೆ ಕತ್ತರಿಸಿ, ಔಷಧಿಯ ವಿಷಯ ಮಾತ್ರ ಬಿಡಬೇಡಿ.

ನಾನು ಹೇಳಬೇಕಾಗಿರುವುದು ಒಂದೇ. ಗಂಡಸರ ಬೋಳು ತಲೆ ಕೂದಲು ಜಾಸ್ತಿ ಉದುರಿ ಬರುವುದಲ್ಲ. ಉದುರಿದ ಜಾಗದಲ್ಲಿ ಮತ್ತೆ ಹುಟ್ಟುವ ಕೂದಲು ಹಿಂದಿನದಕ್ಕಿಂತ ತೆಳ್ಳಗೆ ಹುಟ್ಟುತ್ತದೆ, ಅದರಿಂದ ಬರುವುದು. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಎಲ್ಲರೂ ಬಚ್ಚಲಿನ ಜಾಲರಿಯಲ್ಲಿ, ದಿಂಬಿನ ಮೇಲೆ, ಬಾಚಣಿಗೆಯ ಹಲ್ಲಿನಲ್ಲಿ ಸಿಕ್ಕಿದ್ದನ್ನು ಎಣಿಸುತ್ತಾ ಕೂರುತ್ತಾರೆ. ಎಣಿಕೆ ಕಡಿಮೆಯಾದರೆ ಸಮಾಧಾನ, ಜಾಸ್ತಿಯಾದರೆ ಹೊಸ ಶಾಂಪೂ.

ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿವೆ. ಒಂದೊಂದರ ಬುಡಕ್ಕೂ ತನ್ನದೇ ಸರದಿ. 2ರಿಂದ 6 ವರ್ಷ ಬೆಳೆಯುತ್ತದೆ, ಆಮೇಲೆ 2-3 ವಾರದಲ್ಲಿ ಬೆಳವಣಿಗೆ ನಿಲ್ಲುತ್ತದೆ, ಸುಮಾರು 3 ತಿಂಗಳು ಸುಮ್ನೆ ಕೂತಿರುತ್ತದೆ, ಕೊನೆಗೆ ಉದುರಿ ಅದೇ ಬುಡದಿಂದ ಹೊಸ ಕೂದಲು ಹೊರಡುತ್ತದೆ. ಎಲ್ಲ ಬುಡಗಳೂ ಒಟ್ಟಿಗೆ ಈ ಸುತ್ತು ಹಾಕುವುದಿಲ್ಲ, ಅದಕ್ಕೇ ಯಾರ ತಲೆಯೂ ಒಂದೇ ಸಲ ಖಾಲಿಯಾಗುವುದಿಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಆರೋಗ್ಯವಾಗಿರುವವರಲ್ಲೂ ಮಾಮೂಲು. ಈಗ ಬೋಳಾಗುವ ಗಂಡಸಿನ ತಲೆಗೆ ಬನ್ನಿ. ದೇಹದಲ್ಲಿ ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನು ಇದೆಯಲ್ಲ, ಅದರಲ್ಲಿ ಒಂದು ಪಾಲನ್ನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಡಿಎಚ್‌ಟಿ ಎಂಬ ಇನ್ನೂ ಜೋರಾದ ಹಾರ್ಮೋನಾಗಿ ಬದಲಿಸುತ್ತದೆ. ಹಣೆಯ ಮೂಲೆ ಮತ್ತು ನೆತ್ತಿಯ ಬುಡಗಳಿಗೆ ಕೆಲವರಲ್ಲಿ ಹುಟ್ಟಿನಿಂದಲೇ ಈ ಡಿಎಚ್‌ಟಿ ಆಗಿಬರುವುದಿಲ್ಲ. ಪ್ರತಿ ಸುತ್ತಿನಲ್ಲೂ ಬೆಳೆಯುವ ಕಾಲ ಕಡಿಮೆಯಾಗುತ್ತಾ ಹೋಗುತ್ತದೆ, ಬುಡ ಕುಗ್ಗುತ್ತದೆ, ಕೂದಲು ತೆಳ್ಳಗೆ, ಗಿಡ್ಡಗೆ, ಬಣ್ಣಗೆಟ್ಟು ಕೊನೆಗೆ ಬರೀ ನವಿರು ಉಳಿಯುತ್ತದೆ. ತಲೆಯ ಹಿಂಭಾಗ ಮತ್ತು ಕಿವಿಯ ಮೇಲಿನ ಕೂದಲಿಗೆ ಈ ತೊಂದರೆ ಇಲ್ಲ. ಅಜ್ಜಂದಿರ ತಲೆಯಲ್ಲಿ ಕುದುರೆ ಲಾಳದ ಆಕಾರದಲ್ಲಿ ಕೂದಲು ಉಳಿಯುವುದು ಇದೇ ಕಾರಣಕ್ಕೆ.

ಅಂದರೆ ದಿನಕ್ಕೆ 60 ಕೂದಲು ಮಾತ್ರ ಉದುರುವವನೂ ಬೋಳಾಗಬಹುದು. 200 ಉದುರುವವನ ತಲೆ ಆರು ತಿಂಗಳಲ್ಲಿ ಮೊದಲಿನ ಹಾಗೆಯೇ ಆಗಬಹುದು.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ತಲೆ ಒಣಗಿರುವಾಗ ಬಾಚಿ, ಉದುರಿದ್ದನ್ನೆಲ್ಲ ಬಿಳಿ ಹಾಳೆಯ ಮೇಲೆ ಒಂದೊಂದಾಗಿ ಬಿಡಿಸಿ ಇಟ್ಟು ಕಿಟಕಿಯ ಬೆಳಕಿನಲ್ಲಿ ನೋಡಿ. ಎಷ್ಟಿವೆ ಅಂತ ನೋಡಬೇಡಿ, ಹೇಗಿವೆ ಅಂತ ನೋಡಿ. ಎಲ್ಲವೂ ಒಂದೇ ದಪ್ಪ, ಸುಮಾರು ಒಂದೇ ಉದ್ದ ಇದ್ದರೆ ಅದು ಒಂದು ಕಥೆ. ದಪ್ಪ ಕೂದಲಿನ ಮಧ್ಯೆ, ಕತ್ತರಿಯೇ ಮುಟ್ಟದ ಚೂಪು ತುದಿಯ, ಬೆರಳ ಗೆಣ್ಣಿನಷ್ಟು ಉದ್ದದ, ಹಾಳೆಯ ಮೇಲೂ ಸರಿಯಾಗಿ ಕಾಣದಷ್ಟು ತೆಳ್ಳನೆಯ ಕೂದಲು ತುಂಬಾ ಸಿಕ್ಕರೆ ಅದು ಬೇರೆ ಕಥೆ. ಅವು ಉದ್ದ ಬೆಳೆಯುವ ಮೊದಲೇ ಸರದಿ ಮುಗಿಸಿ ಬಿದ್ದವು. ನನ್ನ ಚರ್ಮವೈದ್ಯರು ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೊಸ್ಕೋಪ್ ಹಿಡಿದು ಮೊಬೈಲ್ ಪರದೆಯಲ್ಲಿ ನನ್ನ ನೆತ್ತಿಯನ್ನೇ ತೋರಿಸಿದಾಗ ಕಂಡಿದ್ದೂ ಇದೇ, ಒಂದೇ ಜಾಗದಲ್ಲಿ ದಪ್ಪ, ಮಧ್ಯಮ, ನೂಲಿನಂಥ ಕೂದಲು ಕಲಸಿಕೊಂಡು ನಿಂತಿದ್ದವು. ಹಿಂದಲೆಯಲ್ಲಿ ನೋಡಿದರೆ ಎಲ್ಲ ಒಂದೇ ಸಮ. ಎರಡು ನಿಮಿಷದ ಕೆಲಸ. ಹಾಳೆಯ ಪರೀಕ್ಷೆ ರೋಗನಿರ್ಣಯ ಅಲ್ಲ, ವೈದ್ಯರ ಹತ್ತಿರ ಹೋಗಬೇಕೋ ಬೇಡವೋ ಅನ್ನುವುದಕ್ಕೆ ಅಷ್ಟೇ. ಇದಕ್ಕೂ ಮೊದಲು ನಾನು ಹೋಗಿದ್ದ ಒಂದು ಕೂದಲು ಕ್ಲಿನಿಕ್ಕಿನಲ್ಲಿ ತಲೆ ಮುಟ್ಟಿ ನೋಡುವ ಮುಂಚೆಯೇ ಕಂತಿನ ಲೆಕ್ಕ ಹೇಳಿದ್ದರು, ಅದೂ ವೈದ್ಯರಲ್ಲ, ಕೋಟು ಹಾಕಿಕೊಂಡ ಸೇಲ್ಸ್‌ನವರು.

ಈಗ ಎಣ್ಣೆ, ಸೀರಮ್, ಮಾತ್ರೆಗಳೆಲ್ಲ ಹೆಸರು ಮಾಡುವುದು ಹೇಗೆ ಅನ್ನುವುದಕ್ಕೆ ಬರುತ್ತೇನೆ, ಇದು ನನಗೆ ತುಂಬಾ ಕುತೂಹಲದ ವಿಷಯ. ಜೋರು ಜ್ವರ ಬಂದು ಹೋಗಿರುತ್ತದೆ, ಅಥವಾ ಆಪರೇಷನ್ ಆಗಿರುತ್ತದೆ, ಇಲ್ಲವೇ ತೂಕ ಇಳಿಸುತ್ತೇನೆ ಅಂತ ಯಾರೋ ಊಟ ಬಿಟ್ಟಿರುತ್ತಾರೆ. ಆ ಪೆಟ್ಟಿಗೆ ಬೆಳೆಯುತ್ತಿದ್ದ ಕೂದಲು ದೊಡ್ಡ ಸಂಖ್ಯೆಯಲ್ಲಿ ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತದೆ. ಎರಡು ಮೂರು ತಿಂಗಳ ನಂತರ ಹಿಡಿ ಹಿಡಿಯಾಗಿ ಉದುರುತ್ತದೆ. ಅಷ್ಟು ಹೊತ್ತಿಗೆ ಜ್ವರ ಬಂದಿದ್ದೇ ಮರೆತುಹೋಗಿರುತ್ತದೆ. ವೈದ್ಯರು ಇದಕ್ಕೆ ಟೆಲೋಜೆನ್ ಎಫ್ಲೂವಿಯಮ್ ಅನ್ನುತ್ತಾರೆ. ಕೋವಿಡ್ ಬಂದು ಹೋದ ಮೇಲೆ ಎಷ್ಟೊಂದು ಜನ ಕೂದಲು ಕೂದಲು ಅಂತ ಒದ್ದಾಡಿದ್ದು ಇದೇ. ಬುಡಕ್ಕೆ ಏನೂ ಆಗಿರುವುದಿಲ್ಲ, ಕಾರಣ ಹೋದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ತಾನೇ ನಿಲ್ಲುತ್ತದೆ, ಕೂದಲು ವಾಪಸ್ ಬರುತ್ತದೆ. ಆದರೆ ಮನುಷ್ಯ ಸುಮ್ನೆ ಕೂರುತ್ತಾನಾ? ಉದುರುವುದು ತುಂಬಾ ಜೋರಾದ ವಾರವೇ ಯಾವುದೋ ಬಾಟಲಿ ತರುತ್ತಾನೆ. ಹಚ್ಚುತ್ತಾನೆ, ಉದುರುವುದು ನಿಲ್ಲುತ್ತದೆ. ನಿಲ್ಲಲೇಬೇಕಿತ್ತು, ನಿಂತಿತು. ಹೆಸರು ಬಾಟಲಿಗೆ. ಆ ಮನುಷ್ಯ ಸುಳ್ಳು ಹೇಳುತ್ತಿಲ್ಲ, ನಿಜವಾಗಿ ತನಗೆ ಆಗಿದ್ದನ್ನೇ ಹೇಳುತ್ತಿದ್ದಾನೆ, ಹಾಗಾಗಿಯೇ ಅವನ ಮಾತು ಜಾಹೀರಾತಿಗಿಂತ ಜೋರಾಗಿ ಹಬ್ಬುತ್ತದೆ. ಕೇಳಿದವನು ಹಣೆಯ ಮೂಲೆ ಸರಿಯುತ್ತಿರುವ ಹುಡುಗ. ಅದೇ ಬಾಟಲಿ ತಂದು ವರ್ಷಗಟ್ಟಲೆ ಹಚ್ಚುತ್ತಾನೆ. ಅವನ ಕೂದಲು ಅಷ್ಟೇ ಉದುರುತ್ತಿರುತ್ತದೆ, ತೆಳ್ಳಗಾಗುವುದು ಮಾತ್ರ ನಡೆದೇ ಇರುತ್ತದೆ. ಹೋದದ್ದು ದುಡ್ಡಾದರೆ ಪರವಾಗಿಲ್ಲ ಅನ್ನಬಹುದಿತ್ತು. ಹೋಗುವುದು ಸಮಯ. ಬುಡ ಪೂರ್ತಿ ಕುಗ್ಗಿದ ಮೇಲೆ ಔಷಧಿಗಳೂ ಹೆಚ್ಚೇನೂ ಮಾಡುವುದಿಲ್ಲ, ಅವು ಇರುವುದನ್ನು ಉಳಿಸುವುದರಲ್ಲೇ ಗಟ್ಟಿ.

ಬಯೋಟಿನ್ ಎಂಬ ಬಿ ವಿಟಮಿನ್ನಿನ ಮಾತ್ರೆಯೂ ಇದೇ ಸಾಲಿನದು. ದೇಹದಲ್ಲಿ ಬಯೋಟಿನ್ ಕೊರತೆ ಇದ್ದರೆ ಕೆಲಸ ಮಾಡುತ್ತದೆ, ಆ ಕೊರತೆ ಇರುವವರು ಬಹಳ ಅಪರೂಪ. ಜೊತೆಗೆ ಹೆಚ್ಚು ಡೋಸ್ ಬಯೋಟಿನ್ ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪು ತೋರಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ರಕ್ತ ಕೊಡುವ ಮೊದಲು ಲ್ಯಾಬಿನವರಿಗೆ ಹೇಳಿ. ಹೆಲ್ಮೆಟ್, ಟೋಪಿ, ದಿನಾ ತಲೆಸ್ನಾನ, ಇವು ಯಾವುವೂ ಬೋಳು ತರುವುದಿಲ್ಲ. ಹೆಲ್ಮೆಟ್ ದಯವಿಟ್ಟು ಹಾಕಿಕೊಳ್ಳಿ. ತಲೆ ಬೋಳಿಸಿದರೆ ದಪ್ಪ ಬರುತ್ತದೆ ಅನ್ನುವುದೂ ಸುಳ್ಳು, ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಹಾಗೆ ಅನಿಸುತ್ತದೆ ಅಷ್ಟೇ. ತಾಯಿಯ ತಂದೆಯ ತಲೆ ನೋಡಿದರೆ ಸಾಕು ನಿನ್ನ ಭವಿಷ್ಯ ಗೊತ್ತಾಗುತ್ತದೆ ಅಂತಾರಲ್ಲ, ಅದು ಅರ್ಧ ನಿಜ. ಒಂದು ಮುಖ್ಯ ಜೀನ್ ತಾಯಿಯಿಂದ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಉಳಿದ ಎಷ್ಟೋ ಜೀನ್‌ಗಳು ಎರಡೂ ಕಡೆಯಿಂದ ಬರುತ್ತವೆ.

ಹಾರ್ಮೋನಿನ ವಿಷಯ ಜನರಿಗೆ ಹೇಗೆ ಗೊತ್ತಾಯಿತು ಅನ್ನುವುದು ನನಗೆ ಓದಲು ಇಷ್ಟವಾದ ಭಾಗ. 1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ವಿಜ್ಞಾನಿ ಹರೆಯಕ್ಕೆ ಮೊದಲೇ ವೃಷಣ ಕಳೆದುಕೊಂಡ ಗಂಡಸರನ್ನು ಗಮನಿಸಿ, ಅವರು ಬೋಳಾಗುವುದಿಲ್ಲ, ಆದರೆ ಟೆಸ್ಟೊಸ್ಟೆರಾನ್ ಕೊಟ್ಟರೆ ಮನೆತನದಲ್ಲಿ ಬೋಳು ಇರುವವರಿಗೆ ಬೋಳು ಶುರುವಾಗುತ್ತದೆ ಎಂದು ತೋರಿಸಿದ. ಇಂದಿಗೂ ವೈದ್ಯರು ಬೋಳಿನ ಹಂತ ಹೇಳುವುದು ಅವನ ಹೆಸರಿನ ಅಳತೆಯಲ್ಲೇ, ನಾರ್ವುಡ್ ಎಂಬ ವೈದ್ಯ 1975ರಲ್ಲಿ ಅದನ್ನು ತಿದ್ದಿದ್ದರಿಂದ ಹ್ಯಾಮಿಲ್ಟನ್-ನಾರ್ವುಡ್ ಅನ್ನುತ್ತಾರೆ. ಆಮೇಲೆ 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಎಂಬ ವೈದ್ಯೆ ಮತ್ತು ಸಂಗಡಿಗರು ಡೊಮಿನಿಕನ್ ರಿಪಬ್ಲಿಕ್‌ನ ಕೆಲವು ಕುಟುಂಬಗಳ ಬಗ್ಗೆ ಬರೆದರು. ಅಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹುಡುಗಿಯರ ಹಾಗೆ ಕಾಣುತ್ತಿದ್ದರು, ಹರೆಯಕ್ಕೆ ಬಂದಾಗ ಗಂಡಾಗಿ ಬೆಳೆಯುತ್ತಿದ್ದರು. ಅವರಲ್ಲಿ ಆ 5-ಆಲ್ಫಾ ರಿಡಕ್ಟೇಸ್ ಕಿಣ್ವವೇ ಸರಿಯಾಗಿರಲಿಲ್ಲ. ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ, ಸಣ್ಣದಾಗಿಯೇ ಇತ್ತು, ಹಣೆಯ ಕೂದಲು ಸರಿದಿರಲಿಲ್ಲ. ಈ ಕಿಣ್ವವನ್ನೇ ತಡೆದರೆ ಹೇಗೆ ಎಂಬ ಯೋಚನೆಯಿಂದ ಬಂದದ್ದು ಫಿನಾಸ್ಟರೈಡ್. 1992ರಲ್ಲಿ 5 ಮಿಲಿಗ್ರಾಂ ಮಾತ್ರೆ ದೊಡ್ಡದಾದ ಪ್ರಾಸ್ಟೇಟಿಗೆ, 1997ರಲ್ಲಿ 1 ಮಿಲಿಗ್ರಾಂ ಮಾತ್ರೆ ಕೂದಲಿಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಮಿನಾಕ್ಸಿಡಿಲ್‌ನ ಕಥೆ ಇನ್ನೂ ತಮಾಷೆ. ಅದು ಬಿಪಿ ಮಾತ್ರೆ. ತಿಂದವರಿಗೆ ಮುಖ, ಕೈ ಎಲ್ಲ ಕಡೆ ಕೂದಲು ಬಂತು. ಹಾಗಾದರೆ ತಲೆಗೆ ಹಚ್ಚಿ ನೋಡೋಣ ಅಂತ ಯಾರಿಗೋ ಹೊಳೆಯಿತು, 1988ರಲ್ಲಿ ಅಮೆರಿಕದಲ್ಲಿ ಹಚ್ಚುವ ದ್ರವ ಬಂತು.

ಗಂಡಸರ ಬೋಳಿಗೆ ಗಟ್ಟಿ ಪುರಾವೆ ಇರುವ ಮುಖ್ಯ ಔಷಧಿಗಳು ಇವೆರಡೇ. ಉಳಿದವು ಇವುಗಳ ಸುತ್ತಮುತ್ತ.

ಮಿನಾಕ್ಸಿಡಿಲ್ ಹಚ್ಚಲು ಶುರು ಮಾಡಿದ ಮೊದಲ ವಾರಗಳಲ್ಲಿ ಕೂದಲು ಜಾಸ್ತಿ ಉದುರಬಹುದು. ಸುಮ್ನೆ ಕೂತಿದ್ದ ಕೂದಲನ್ನು ಹೊಸದು ತಳ್ಳುವುದರಿಂದ ಹೀಗಾಗುತ್ತದೆ. ಎಣಿಸುವ ಅಭ್ಯಾಸ ಇರುವವರು ಔಷಧಿ ಬಿಡುವುದು ಸರಿಯಾಗಿ ಇಲ್ಲೇ. "ಹಚ್ಚಿದ್ದಕ್ಕೆ ಇದ್ದಿದ್ದೂ ಹೋಯ್ತು" ಅಂತ ಬಾಟಲಿ ಎಸೆಯುತ್ತಾರೆ. ಇದು ತಾತ್ಕಾಲಿಕ, ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು ಅಂತ ಔಷಧಿ ಕೊಡುವವರು ಒಂದು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು. ಹಚ್ಚುವುದು ಬೇಜಾರಿನ ಕೆಲಸವೇ, ಅದನ್ನೂ ಹೇಳಿಬಿಡುತ್ತೇನೆ. ಡ್ರಾಪರ್‌ನಲ್ಲಿ 1 ಮಿಲಿಲೀಟರ್ ಎಳೆದು ಬೈತಲೆ ತೆಗೆದು ತೆಗೆದು ನೆತ್ತಿಯ ಚರ್ಮಕ್ಕೇ ಬಿಡಬೇಕು, ಕೂದಲ ಮೇಲೆ ಸುರಿದರೆ ಪ್ರಯೋಜನ ಇಲ್ಲ. ಅಷ್ಟರಲ್ಲಿ ಒಂದು ಹನಿ ಹಣೆಗೆ ಇಳಿದಿರುತ್ತದೆ, ಒರೆಸಿಕೊಳ್ಳದಿದ್ದರೆ ಅಲ್ಲೂ ಕೂದಲು ಬರಬಹುದು. ಒಣಗಿದ ಮೇಲೆ ಕೂದಲು ಗರಿ ಗರಿ. ಕೆಲವರಿಗೆ ತುರಿಕೆ, ಹೊಟ್ಟು ಬರುತ್ತದೆ, ಅದಕ್ಕೆ ಎಷ್ಟೋ ಸಲ ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಕಾರಣ, ನೊರೆಯ ರೂಪದ್ದು ತಗೊಂಡರೆ ಸರಿಹೋಗಬಹುದು. ಮನೆಯಲ್ಲಿ ಬೆಕ್ಕಿದ್ದರೆ ತುಂಬಾ ಹುಷಾರು, ದಿಂಬಿಗೆ ಅಂಟಿದ ಸ್ವಲ್ಪ ಮಿನಾಕ್ಸಿಡಿಲ್ ನೆಕ್ಕಿದರೂ ಅದಕ್ಕೆ ವಿಷ. ಬಿಟ್ಟರೆ ಮೂರ್ನಾಲ್ಕು ತಿಂಗಳಲ್ಲಿ ಬಂದಿದ್ದೆಲ್ಲ ವಾಪಸ್ ಹೋಗುತ್ತದೆ. ಇದು ಹಚ್ಚುವಷ್ಟು ದಿನದ ಸಂಬಂಧ.

ಫಿನಾಸ್ಟರೈಡ್ ದಿನಕ್ಕೊಂದು ಮಾತ್ರೆ, ರಕ್ತದಲ್ಲಿನ ಡಿಎಚ್‌ಟಿಯನ್ನು ಹೆಚ್ಚು ಕಡಿಮೆ 70% ಇಳಿಸುತ್ತದೆ. ಇದನ್ನು ಪರೀಕ್ಷಿಸಿದ ರೀತಿ ನೋಡಿ. ವೈದ್ಯರೂ ಎಣಿಸಿದರು, ಆದರೆ ಉದುರಿದ್ದನ್ನಲ್ಲ. ನೆತ್ತಿಯ ಮೇಲೆ ಒಂದು ಅಂಗುಲ ಅಗಲದ ವೃತ್ತ ಗುರುತು ಮಾಡಿ, ಅದರೊಳಗೆ ನಿಂತಿರುವ ಕೂದಲನ್ನು ಎಣಿಸಿದರು. ಎರಡು ವರ್ಷದ ನಂತರ ಮಾತ್ರೆ ತಿಂದವರಲ್ಲಿ 83% ಜನರ ಎಣಿಕೆ ಇಳಿದಿರಲಿಲ್ಲ, ಬರೀ ಸಕ್ಕರೆ ಮಾತ್ರೆ ತಿಂದವರಲ್ಲಿ ಹಾಗೆ ಉಳಿದವರು 28%. ಇಳಿಯದೆ ಉಳಿದಿತ್ತು ಅನ್ನುವುದನ್ನು ಗಮನಿಸಿ, ಕಾಡಿನ ಹಾಗೆ ಬೆಳೆಯಿತು ಅಂತ ಯಾರೂ ಹೇಳಲಿಲ್ಲ. ನನಗೆ ಸಿಕ್ಕಿದ್ದೂ ಅಷ್ಟೇ. ಹಣೆಯ ಮೂಲೆ ವಾಪಸ್ ಬರಲಿಲ್ಲ, ನೆತ್ತಿ ಇದ್ದಲ್ಲೇ ನಿಂತಿದೆ.

ಅಡ್ಡಪರಿಣಾಮದ ವಿಷಯದಲ್ಲಿ ಎರಡು ಪಂಗಡ ಇದೆ, ಎರಡೂ ನನಗೆ ಕಿರಿಕಿರಿ. ಒಂದು, ಏನೂ ಆಗಲ್ಲ ತಿನ್ರೀ ಅನ್ನುವವರು. ಇನ್ನೊಂದು, ಒಂದು ಮಾತ್ರೆ ತಿಂದರೆ ಗಂಡಸುತನವೇ ಹೋಯಿತು ಅನ್ನುವವರು. ನೂರರಲ್ಲಿ ಕೆಲವೇ ಜನಕ್ಕೆ ಕಾಮಾಸಕ್ತಿ ಕಡಿಮೆಯಾಗುವುದು, ನಿಮಿರುವಿಕೆಯ ತೊಂದರೆ, ವೀರ್ಯದ ಪ್ರಮಾಣ ಇಳಿಯುವುದು ಕಂಡುಬಂದಿದೆ. ಬಹಳಷ್ಟು ಜನರಿಗೆ ಮಾತ್ರೆ ನಿಲ್ಲಿಸಿದ ಮೇಲೆ ಸರಿಹೋಗುತ್ತದೆ. ನಿಲ್ಲಿಸಿದ ಮೇಲೂ ಹೋಗಲಿಲ್ಲ ಎಂದು ಹೇಳುವ ಗಂಡಸರೂ ಇದ್ದಾರೆ, ಅವರ ಮಾತನ್ನು ಭ್ರಮೆ ಅಂತ ತಳ್ಳಿಹಾಕುವುದು ಸರಿಯಲ್ಲ. ಮುಂಚೆಯೇ ಅಡ್ಡಪರಿಣಾಮ ಹೇಳಿ ಕೊಟ್ಟಾಗ ತೊಂದರೆ ಹೇಳಿಕೊಳ್ಳುವವರು ಜಾಸ್ತಿಯಾಗುತ್ತಾರೆ ಅನ್ನುವುದೂ ಅಧ್ಯಯನದಲ್ಲಿ ಕಂಡಿದೆ, ಹಾಗಂತ ಹೇಳದೆ ಮುಚ್ಚಿಡುವುದಾ? ಮನಸ್ಸಿನ ವಿಷಯ ಇನ್ನೂ ಮುಖ್ಯ. ಫಿನಾಸ್ಟರೈಡ್ ತಗೊಳ್ಳುವ ಕೆಲವರಲ್ಲಿ ಆತ್ಮಹತ್ಯೆಯ ಯೋಚನೆ ಬರಬಹುದು ಎಂದು 2025ರಲ್ಲಿ ಯುರೋಪಿನ ಔಷಧ ಸಂಸ್ಥೆ ಖಚಿತಪಡಿಸಿತು. ಎಷ್ಟು ಜನರಿಗೆ ಹೀಗಾಗುತ್ತದೆ ಅನ್ನುವುದು ಗೊತ್ತಿಲ್ಲ, ನಿಜ. ಆದರೆ ಮೊದಲೇ ಖಿನ್ನತೆ ಇದ್ದವನು ವೈದ್ಯರಿಗೆ ಹೇಳದೆ ಇದನ್ನು ಶುರು ಮಾಡಬಾರದು. ತಿನ್ನುತ್ತಿರುವವನು ಮನಸ್ಸು ಕುಸಿಯುತ್ತಿದೆ ಅನಿಸಿದರೆ ಮಾತ್ರೆ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಬೇಕು, ಮನೆಯಲ್ಲಿ ಒಬ್ಬರಿಗಾದರೂ ಈ ಮಾತ್ರೆ ತಿನ್ನುತ್ತಿದ್ದೇನೆ ಅಂತ ಗೊತ್ತಿರಬೇಕು. ನಮ್ಮ ಹುಡುಗರು ಕದ್ದುಮುಚ್ಚಿ ತಿನ್ನುತ್ತಾರೆ, ಅಲ್ವಾ, ಸಮಸ್ಯೆ ಇರುವುದೇ ಅಲ್ಲಿ. ಬೇರೆಯವರ ಚೀಟಿ ನೋಡಿ ಮಾತ್ರೆ ತರಿಸಿಕೊಳ್ಳುವುದು, 5 ಮಿಲಿಗ್ರಾಂದನ್ನು ತುಂಡು ಮಾಡುವುದು. ಗರ್ಭಿಣಿಯರು ಒಡೆದ ಮಾತ್ರೆ ಮುಟ್ಟಲೇಬಾರದು, ಹೊಟ್ಟೆಯಲ್ಲಿರುವ ಗಂಡು ಮಗುವಿಗೆ ತೊಂದರೆಯಾಗಬಹುದು. ಇದೇ ಕಾರಣಕ್ಕೆ ಹಲವು ದೇಶಗಳ ರಕ್ತನಿಧಿಗಳು ಕೊನೆಯ ಮಾತ್ರೆ ನುಂಗಿ ಒಂದು ತಿಂಗಳಾಗುವವರೆಗೆ ರಕ್ತ ತಗೊಳ್ಳುವುದಿಲ್ಲ. ಇದನ್ನು ನನಗೆ ಯಾವ ಔಷಧಿ ಅಂಗಡಿಯವರೂ ಹೇಳಿರಲಿಲ್ಲ. ಮಕ್ಕಳಿಗೆ ಪ್ರಯತ್ನ ಪಡುತ್ತಿರುವವರೂ ವೈದ್ಯರ ಹತ್ತಿರ ಮಾತಾಡಿಕೊಳ್ಳಲಿ, ಕೆಲವರಲ್ಲಿ ವೀರ್ಯಾಣುಗಳ ಸಂಖ್ಯೆ ಇಳಿಯುವುದುಂಟು.

ಕಡಿಮೆ ಡೋಸ್‌ನ ಮಿನಾಕ್ಸಿಡಿಲ್ ಮಾತ್ರೆಯನ್ನೂ ಈಗ ವೈದ್ಯರು ಬರೆಯುತ್ತಾರೆ. ಅದಕ್ಕೆ ಕಾಲು ಊದುವುದು, ಎದೆ ಡವಡವ, ಮೈಯೆಲ್ಲ ಕೂದಲು ಇತ್ಯಾದಿ ಇದೆ, ಹೃದಯದ ತೊಂದರೆ ಇರುವವರು ಸ್ವಂತ ಬುದ್ಧಿಯಿಂದ ತಿನ್ನುವಂಥದ್ದಲ್ಲ. ಪಿಆರ್‌ಪಿ ಅಂತ ನಮ್ಮದೇ ರಕ್ತ ತೆಗೆದು, ಅದರಲ್ಲಿ ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ಬೇರ್ಪಡಿಸಿ ತಲೆಗೆ ಚುಚ್ಚುತ್ತಾರೆ. ಕೆಲವು ಅಧ್ಯಯನಗಳಲ್ಲಿ ಫಲ ಕಂಡಿದೆ, ಆದರೆ ಒಬ್ಬೊಬ್ಬರು ಒಂದೊಂದು ರೀತಿ ತಯಾರಿಸುತ್ತಾರೆ, ಹೋಲಿಸುವುದೇ ಕಷ್ಟ. ಮೊದಲ ಭೇಟಿಯಲ್ಲೇ ಇದನ್ನು ಮಾಡಿಸಿ ಅನ್ನುವವರ ಬಗ್ಗೆ ನನಗೆ ಅನುಮಾನ.

ಕೂದಲು ಕಸಿಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಜಾಹೀರಾತು ಜಾಸ್ತಿ ಇರುವುದು ಅದಕ್ಕೇ. ಕಸಿ ಹೊಸ ಕೂದಲು ಹುಟ್ಟಿಸುವುದಿಲ್ಲ. ಒಂದು ಮಡಿಯ ಸಸಿ ಕಿತ್ತು ಇನ್ನೊಂದು ಮಡಿಯಲ್ಲಿ ನೆಟ್ಟ ಹಾಗೆ, ಹಿಂದಲೆಯ ಕೂದಲನ್ನು ಮುಂದಕ್ಕೆ ತರುತ್ತಾರೆ. ಹಿಂದಿನ ಕೂದಲು ಮುಂದೆ ಬಂದರೂ ತನ್ನ ಹಿಂದಲೆಯ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂದು 1950ರ ದಶಕದಲ್ಲಿ ನಾರ್ಮನ್ ಓರೆಂಟ್ರೈಕ್ ಎಂಬ ಅಮೆರಿಕದ ಚರ್ಮವೈದ್ಯ ತೋರಿಸಿದ ಮೇಲೆಯೇ ಇದೆಲ್ಲ ಶುರುವಾದದ್ದು. ಆದರೆ ಹಿಂದಿನ ದಾಸ್ತಾನಿಗೆ ಮಿತಿ ಇದೆ, ಒಮ್ಮೆ ಕಿತ್ತ ಬುಡ ಅಲ್ಲಿ ಮತ್ತೆ ಹುಟ್ಟುವುದಿಲ್ಲ. 22-23ರ ಹುಡುಗ ಶಾಲೆಯ ಫೋಟೋದಲ್ಲಿದ್ದಂತೆ ಹಣೆಯ ಅಂಚು ಕೆಳಗೇ ಬೇಕು ಅಂತ ಹಟ ಹಿಡಿದು ಮಾಡಿಸಿಕೊಂಡ ಅಂದುಕೊಳ್ಳಿ. ಔಷಧಿ ತಗೊಳ್ಳದಿದ್ದರೆ ಕಸಿ ಮಾಡಿದ ಸಾಲು ನಿಂತಿರುತ್ತದೆ, ಅದರ ಹಿಂದಿನ ಅವನ ಸ್ವಂತ ಕೂದಲು ತೆಳ್ಳಗಾಗುತ್ತಾ ಹಿಂದೆ ಹಿಂದೆ ಹೋಗುತ್ತದೆ. 30ಕ್ಕೆ ಹಣೆಯ ಮೇಲೊಂದು ಪಟ್ಟಿ, ಮಧ್ಯೆ ಬಯಲು. ಆಗ ತುಂಬಿಸಲು ಹಿಂದೆ ಸಾಕಷ್ಟು ಉಳಿದಿರುವುದಿಲ್ಲ. ಒಳ್ಳೆಯ ಸರ್ಜನ್‌ಗಳು ಈ ವಯಸ್ಸಿನವರನ್ನು ಮೊದಲು ಔಷಧಿ ತಗೊಂಡು ಬಾ ಅಂತ ವಾಪಸ್ ಕಳಿಸುತ್ತಾರೆ. ತಕ್ಷಣ ದಿನಾಂಕ ಕೊಡುವವರ ಹತ್ತಿರ ಕೇಳಬೇಕಾದ ಪ್ರಶ್ನೆ, ರಂಧ್ರ ಮಾಡುವವರು, ಬುಡ ಕೀಳುವವರು ಯಾರು, ವೈದ್ಯರಾ ಅಥವಾ ಬೇರೆಯವರಾ ಅಂತ. ಅರಿವಳಿಕೆಯ ಮದ್ದು ಚುಚ್ಚಿ ಗಂಟೆಗಟ್ಟಲೆ ನಡೆಯುವ ಶಸ್ತ್ರಚಿಕಿತ್ಸೆ ಇದು, ಸಲೂನಿನ ಕೆಲಸ ಅಲ್ಲ.

ಎಲ್ಲ ಕೂದಲು ಸಮಸ್ಯೆಯೂ ಬೋಳು ಅಲ್ಲ ಅನ್ನುವುದೂ ಇರಲಿ. ನಾಣ್ಯದ ಗಾತ್ರದಲ್ಲಿ ಗುಂಡಗೆ, ನುಣ್ಣಗೆ ಕೂದಲು ಹೋದರೆ ಅದು ಸಾಮಾನ್ಯವಾಗಿ ಅಲೊಪೀಶಿಯಾ ಏರಿಯೇಟಾ, ದೇಹದ ರಕ್ಷಣಾ ವ್ಯವಸ್ಥೆಯೇ ಬುಡದ ಮೇಲೆ ಬೀಳುವ ಕಾಯಿಲೆ, ಅದರ ಚಿಕಿತ್ಸೆಯೇ ಬೇರೆ. ತೀವ್ರವಾಗಿದ್ದರೆ ಬ್ಯಾರಿಸಿಟಿನಿಬ್ ಎಂಬ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ನೆತ್ತಿ ಕೆಂಪಾಗಿ ಉರಿ, ನೋವು, ಕೀವು ಇದ್ದರೆ ತಡ ಮಾಡಬೇಡಿ. ಕಲೆಗಟ್ಟಿ ಬುಡವೇ ನಾಶವಾಗುವ ಕಾಯಿಲೆಗಳಿವೆ, ಅಲ್ಲಿ ಹೋದ ಕೂದಲು ಹೋದಂತೆಯೇ.

ಇಷ್ಟೆಲ್ಲ ಓದಿ ಒಬ್ಬ ಹುಡುಗ ನನಗೆ ಇದ್ಯಾವುದೂ ಬೇಡ, ಟ್ರಿಮ್ಮರ್ ಸಾಕು ಅಂದರೆ ಅದೂ ಪೂರ್ತಿ ಸರಿಯಾದ ಉತ್ತರವೇ. ಬೋಳಾಗುವುದರಿಂದ ದೇಹಕ್ಕೆ ಏನೂ ಆಗುವುದಿಲ್ಲ. ನನಗೆ ಸಿಟ್ಟು ಬರುವುದು, ಮದುವೆ ಮನೆಯಲ್ಲಿ ನೆತ್ತಿ ಸವರಿ ಲೈಟ್ ಹೊಡೀತಿದೆ ಅಂತ ನಗುವ ಜನವೇ, ಚಿಕಿತ್ಸೆ ತಗೊಂಡರೆ "ಗಂಡಸಿಗ್ಯಾಕೋ ಇಷ್ಟು ಶೋಕಿ" ಅಂತಲೂ ಅನ್ನುವುದು. ಎರಡರಲ್ಲಿ ಒಂದಾದರೂ ಬಿಡಿ ಮಹರಾಯರೇ.

ಚಿಕಿತ್ಸೆ ಬೇಕು ಅನ್ನುವವರಿಗೆ ಒಂದು ಮಾತು. ಉದುರಿದ್ದು ಎಣಿಸುವ ಬದಲು ಫೋಟೋ ತೆಗೆಯಿರಿ. ಅದೇ ದೀಪದ ಕೆಳಗೆ, ಅಷ್ಟೇ ದೂರದಿಂದ, ಒಣ ಕೂದಲು, ಹೇರ್‌ಕಟ್ ಆದ ಅದೇ ವಾರ, ಮೂರು ತಿಂಗಳಿಗೊಮ್ಮೆ. ದಿನಾ ಎರಡು ಕನ್ನಡಿ ಹಿಡಿದು ನೆತ್ತಿ ನೋಡಿಕೊಂಡರೆ ತಲೆಬಿಸಿ ಬಿಟ್ಟು ಏನೂ ಗೊತ್ತಾಗುವುದಿಲ್ಲ. ಒಂದು ವರ್ಷದ ಕೊನೆಗೆ ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು ವೈದ್ಯರಿಗೆ ತೋರಿಸಿ, ಮುಂದುವರಿಸಬೇಕೋ ಬೇಡವೋ ಅಂತ ಅಲ್ಲಿ ತೀರ್ಮಾನವಾಗಲಿ.

ಇನ್ನು ಸಂಪಾದಕರೇ, ನಿಮಗೆ. ಜಾಹೀರಾತಿನ ದುಡ್ಡಿಲ್ಲದೆ ಪತ್ರಿಕೆ ನಡೆಯುವುದಿಲ್ಲ, ಅದು ನನಗೂ ಗೊತ್ತು. ಆರೋಗ್ಯ ಪುಟದಲ್ಲಿ ಚರ್ಮವೈದ್ಯರೊಬ್ಬರು ಹುಡುಗರ ಪ್ರಶ್ನೆಗೆ ಹೆಸರು ಕೇಳದೆ ಉತ್ತರಿಸುವ ಒಂದು ಮೂಲೆ ಮಾಡಿ, ನೋಡುತ್ತಿರಿ ಎಷ್ಟು ಪ್ರಶ್ನೆ ಬರುತ್ತವೆ ಅಂತ. ಜಾಹೀರಾತು ವಿಭಾಗಕ್ಕೂ ಒಂದು ಲೆಕ್ಕ ಹೇಳಿ. ತಲೆಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಯಾವ ಎಣ್ಣೆ ಹಚ್ಚಿದರೂ ಅಷ್ಟೇ. 30 ದಿನದ ಮೊದಲು ಬೋಳು, 30 ದಿನದ ನಂತರ ಬೈತಲೆ ತೆಗೆದು ಬಾಚಿದ ಕ್ರಾಪು ಇರುವ ಫೋಟೋ ಮೇಜಿಗೆ ಬಂದಾಗ, ಆ ಕೂದಲು ಎಷ್ಟು ಸೆಂಟಿಮೀಟರ್ ಇದೆ ಅಂತ ತಂದವರನ್ನೇ ಕೇಳಲಿ.

ಇಂತಿ,
ನಿಮ್ಮ ಪತ್ರಿಕೆಯ ಒಬ್ಬ ಓದುಗ
(ಹೆಸರು ಪ್ರಕಟಿಸಬೇಡಿ, ಮನೆಯಲ್ಲಿ ಗೊತ್ತು, ಆಫೀಸಿನಲ್ಲಿ ಗೊತ್ತಿಲ್ಲ)